ಎದುರು ಮನೆ ಕೊಂಡವನು

ಹಿಟ್ಟಿನ ಗಿರಣಿ ನಡೆಸುತ್ತಿದ್ದ ಚನ್ನವೀರ ಎಂಬ ಶಿಷ್ಯ ಒಂದು ದಿನ ಗುರುಗಳ ಬಳಿಗೆ ಬಂದು ಕೇಳಿದ: “ಗುರುಗಳೇ, ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕೆಂದಿದ್ದೇನೆ. ಇದೇ ಮೊದಲು. ಕೊಳ್ಳುವ ಮುಂಚೆ ಏನನ್ನು ನೋಡಬೇಕು?”

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಪಕ್ಕದ ಅಂಗಡಿ ಒಬ್ಬ ಬಳೆಗಾರನದು. ಹದಿನೈದು ವರ್ಷ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಬುತ್ತಿ ಹಂಚಿಕೊಂಡು ಉಂಡಿದ್ದರು. ಕಂಬಳಿಯವನ ವ್ಯಾಪಾರ ದೊಡ್ಡದು, ಬಳೆಗಾರನದು ಸಣ್ಣದು. ಆದ್ದರಿಂದ ಸ್ನೇಹಕ್ಕೆ ಯಾವ ತೊಡಕೂ ಇರಲಿಲ್ಲ.

ಒಂದು ವರ್ಷ ಬಳೆಗಾರ ಕುಂಬಾರ ಓಣಿಯಲ್ಲಿ ತಗ್ಗು ಬಾಗಿಲಿನ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಟ್ಟ. ಬಾಡಿಗೆಯವನು ತಿಂಗಳಿಗೊಮ್ಮೆ ಅಂಗಡಿಗೆ ಬಂದು, “ಧಣಿ, ತಗೊಳ್ಳಿ” ಎಂದು ಹಣ ಕೊಟ್ಟು ಹೋಗುತ್ತಿದ್ದ. ಕಂಬಳಿ ವ್ಯಾಪಾರಿಯ ಆಳುಗಳು ಅವನನ್ನು ದಿನಕ್ಕೆ ನೂರು ಸಲ ಧಣಿ ಎನ್ನುತ್ತಿದ್ದರು. ಅದು ಅವನ ಕಿವಿಗೆ ಬೀಳುತ್ತಿರಲಿಲ್ಲ. ಬಳೆಗಾರನಿಗೆ ತಿಂಗಳಿಗೊಮ್ಮೆ ಬರುವ ಆ ಒಂದು ಮಾತು ಮಾತ್ರ ವ್ಯಾಪಾರಿಯ ಎದೆಯಲ್ಲಿ ಮುಳ್ಳಾಗಿ ನಿಂತಿತು. ಅವನು ಕಟ್ಟೆ ಬಿಟ್ಟು ತನ್ನ ಅಂಗಡಿಯ ಒಳಗೆ ಒಬ್ಬನೇ ಕೂತು ಉಣ್ಣತೊಡಗಿದ.

ಕೆಲವು ತಿಂಗಳ ಮೇಲೆ, ಬಳೆಗಾರನ ಬಾಡಿಗೆ ಮನೆಯ ಎದುರಿಗೇ ಒಂದು ಮಹಡಿ ಮನೆ ಮಾರಾಟಕ್ಕೆ ಬಂತು. ಕಂಬಳಿ ವ್ಯಾಪಾರಿ ಬೇಸಿಗೆಯ ಒಂದು ಸಂಜೆ ದಲ್ಲಾಳಿಯ ಜೊತೆ ಹೋದ. ಹಿತ್ತಲಿಗೆ ಕಾಲಿಡಲಿಲ್ಲ. ಬಾವಿಯ ನೀರು ಕುಡಿದು ನೋಡಲಿಲ್ಲ. ಬಳೆಗಾರನ ಬಾಗಿಲಲ್ಲಿ ನಿಂತು ಎದುರು ಮನೆಯನ್ನು ನೋಡಿದ. ಅದರ ಮಹಡಿಯ ನೆರಳು ಬಳೆಗಾರನ ಹೊಸ್ತಿಲ ಮೇಲೆ ಬಿದ್ದಿತ್ತು. ಅಷ್ಟು ಸಾಕಾಯಿತು. ಅಲ್ಲೇ ಮುಂಗಡ ಕೊಟ್ಟ.

ಮರುದಿನ ಬಳೆಗಾರ ಅಂಗಡಿಯ ಬಾಗಿಲಿಗೆ ಬಂದು, “ಅಣ್ಣಾ, ಒಂದು ಮಾತಿತ್ತು” ಎಂದ. ಹೊಟ್ಟೆಕಿಚ್ಚಿಗೆ ಬಂದಿದ್ದಾನೆ ಎಂದುಕೊಂಡ ವ್ಯಾಪಾರಿ, ಕಂಬಳಿ ಮಡಿಸುತ್ತ ಬೆನ್ನು ತಿರುಗಿಸಿದ. ಬಳೆಗಾರ ಮಾತು ಹೇಳಲಾಗದೆ ತನ್ನ ಅಂಗಡಿಗೆ ಹಿಂತಿರುಗಿದ. ಅದೇ ವಾರ ಕ್ರಯಪತ್ರವಾಯಿತು. ವ್ಯಾಪಾರಿ ಕೈಯಲ್ಲಿದ್ದುದನ್ನೆಲ್ಲ ಆ ಮನೆಗೆ ಸುರಿದ.

ಮೊದಲು ಬಾಡಿಗೆಗೆ ಬಂದದ್ದು ಶಾಲೆಯ ಮೇಷ್ಟರೊಬ್ಬರ ಸಂಸಾರ. ಬಾವಿಯ ನೀರು ಉಪ್ಪು. ಮೇಷ್ಟರ ಹೆಂಡತಿ ಎದುರಿನ ಬಳೆಗಾರನ ಮನೆಯ ಬಾವಿಯಿಂದ ಕೊಡ ಹೊತ್ತು ಹೊತ್ತು ಸೋತರು. ಎರಡೇ ತಿಂಗಳಿಗೆ ಮನೆ ಖಾಲಿಯಾಯಿತು. ಬಳೆಗಾರನೇ ಅವರ ಕಿವಿ ಊದಿದ್ದಾನೆ ಎಂದು ವ್ಯಾಪಾರಿ ನಂಬಿದ. ಆಮೇಲೆ ಒಬ್ಬ ದರ್ಜಿ ಹೆಂಡತಿಯೊಡನೆ ಬಂದ. ಮಳೆಗಾಲ ಶುರುವಾಗಿ ಮೂರನೆಯ ವಾರ ಹಿತ್ತಲ ಗೋಡೆ ಕುಸಿಯಿತು. ದರ್ಜಿಯ ಹೆಂಡತಿಯ ಕಾಲು ಮುರಿಯಿತು.

ಸುದ್ದಿ ತಿಳಿದು ವ್ಯಾಪಾರಿ ಓಡಿ ಬಂದ. ಅಷ್ಟರಲ್ಲಿ ಬಳೆಗಾರ ಆ ಗಂಡಹೆಂಡಿರನ್ನು ಗಾಡಿಯಲ್ಲಿ ತಾನು ವಾಸವಿದ್ದ ಮನೆಗೆ ಕರೆದೊಯ್ದು, ಪಡಸಾಲೆಯಲ್ಲಿ ಇಳಿಸಿಕೊಂಡಿದ್ದ. ಓಣಿಯವರೆಲ್ಲ ಅವನನ್ನೇ ಹೊಗಳುತ್ತಿದ್ದರು. ‘ಬಿದ್ದದ್ದು ನನ್ನ ಗೋಡೆ, ಹೆಸರು ಬಂದದ್ದು ಅವನಿಗೆ’ ಎಂದು ವ್ಯಾಪಾರಿಯ ಹೊಟ್ಟೆ ಉರಿಯಿತು. ಮರುಗಳಿಗೆಯಲ್ಲೇ ತಾನು ಯೋಚಿಸಿದ್ದೇನೆಂದು ಅವನಿಗೆ ಹೊಳೆಯಿತು. ಒಬ್ಬ ಹೆಣ್ಣುಮಗಳು ಕಾಲು ಮುರಿದುಕೊಂಡು ಮಲಗಿದ್ದಾಳೆ, ತನಗೆ ಬಂದ ಯೋಚನೆ ಇದು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಳೆಯಲ್ಲೇ ಬಳೆಗಾರನ ಮನೆಗೆ ನಡೆದ.

ದರ್ಜಿಯ ಹೆಂಡತಿಗೆ ಕೈ ಮುಗಿದು, ಕಾಲು ಕಟ್ಟುವವನ ಖರ್ಚು ತನ್ನದೆಂದ. ಆಮೇಲೆ ಬಳೆಗಾರನ ಎದುರು ಕೂತು ಕೇಳಿದ: “ನೀನು ಮನೆ ಕೊಳ್ಳುವಾಗ ಏನು ನೋಡಿದೆ?”

ಬಳೆಗಾರ ಹೇಳಿದ: “ನನ್ನ ಹತ್ತಿರ ಇದ್ದದ್ದು ಕಡಿಮೆ ಅಣ್ಣಾ, ತಪ್ಪಿದರೆ ಮತ್ತೆ ಏಳುವ ಶಕ್ತಿ ಇರಲಿಲ್ಲ. ಅದಕ್ಕೇ ಒಂದು ಮಳೆಗಾಲ, ಒಂದು ಬೇಸಿಗೆ ಆ ಓಣಿಯಲ್ಲಿ ಬಳೆ ಮಾರುತ್ತ ತಿರುಗಿದೆ. ಹೆಂಗಸರ ಕೈಗೆ ಬಳೆ ಏರಿಸುತ್ತ, ಯಾವ ಬಾವಿಯ ನೀರು ಸಿಹಿ, ಯಾವ ಮನೆ ಸೋರುತ್ತದೆ ಎಂದು ಕೇಳಿದೆ. ಮನೆ ಬಿಟ್ಟು ಹೋದವರನ್ನು ಹುಡುಕಿ, ಯಾಕೆ ಬಿಟ್ಟಿರಿ ಎಂದು ಕೇಳಿದೆ. ದಲ್ಲಾಳಿಯ ಮಾತನ್ನು ಎಲ್ಲಕ್ಕಿಂತ ಕೊನೆಗೆ ಕೇಳಿದೆ. ರಿಪೇರಿಗೆ, ಮನೆ ಖಾಲಿ ಬೀಳುವ ತಿಂಗಳುಗಳಿಗೆ ಎಂದು ಸ್ವಲ್ಪ ಎತ್ತಿಟ್ಟ ಮೇಲೆಯೇ ಕೊಂಡೆ.”

“ಎದುರು ಮನೆ?”

“ಅದನ್ನು ನನಗೂ ತೋರಿಸಿದ್ದರು. ನೀರು ಉಪ್ಪು, ಹಿತ್ತಲ ಗೋಡೆಯ ಬುಡ ಕೊಳೆತಿದೆ ಎಂದು ಬಿಟ್ಟೆ. ನೀವು ಮುಂಗಡ ಕೊಟ್ಟ ಮರುದಿನ ಅದನ್ನೇ ಹೇಳಲು ಬಂದಿದ್ದೆ.”

ಮಳೆ ನಿಂತ ಮೇಲೆ ವ್ಯಾಪಾರಿ ಮಹಡಿಯನ್ನು ಇಳಿಸಿ, ಅದರ ಕಲ್ಲು ಮರದಿಂದಲೇ ಹಿತ್ತಲ ಗೋಡೆ ಎಬ್ಬಿಸಿದ. ಎಲ್ಲಿ ಬುನಾದಿ ಅಗೆಯಬೇಕೆಂದು ಬಳೆಗಾರನೇ ನಿಂತು ತೋರಿಸಿದ. ಕಾಲು ಕೂಡಿದ ಮೇಲೆ ದರ್ಜಿಯ ಹೆಂಡತಿ, ನೀರು ಹೊರಲು ಒಬ್ಬ ಆಳನ್ನು ಕೊಟ್ಟರೆ ಮತ್ತೆ ಆ ಮನೆಗೆ ಬರುತ್ತೇನೆ ಎಂದಳು. ವ್ಯಾಪಾರಿ ಒಪ್ಪಿದ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಹೇಳಿದ: “ಗುರುಗಳೇ, ಆ ವ್ಯಾಪಾರಿಗಾದರೂ ಹೇಳಲು ಒಬ್ಬನಿದ್ದ. ನಾನು ಯಾರನ್ನು ಕೇಳಲಿ?”

“ಯಾರ ಮನೆಯನ್ನು ಕಂಡು ನಿನಗೂ ಒಂದು ಬೇಕೆನಿಸಿತೋ, ಅವನನ್ನೇ ಕೇಳು.”