ಸಂಕವ್ವನ ಅಕ್ಷರ

"ಗುರುಗಳೇ, ನನ್ನ ಹೆಂಡತಿಯ ಬಾಯಿ ಈಗೀಗ ಕುಡುಗೋಲಿನಂತಾಗಿದೆ. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ಇಂಥವಳೊಡನೆ ಬಾಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಅಚ್ಚಿನ ಮೊಳೆ ಮಾಡುವವನೊಬ್ಬನಿದ್ದ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರ ಕೆತ್ತುವುದು, ಅದಕ್ಕೆ ದೀಪದ ಹೊಗೆ ಹಿಡಿಸಿ ಕಾಗದಕ್ಕೆ ಒತ್ತಿ ನೋಡುವುದು, ಸರಿಬಂದರೆ ಅಚ್ಚು ತೆಗೆದು ಸೀಸ ಎರೆಯುವುದು ಅವನ ಕಸುಬು. ಕಣ್ಣಾರೆ ಕಾಣದ್ದನ್ನು ಅವನು ಕೆತ್ತುತ್ತಿರಲಿಲ್ಲ. ಜೋಗುಳದ ಪುಸ್ತಕಕ್ಕೆ ಅಕ್ಷರ ಬೇಕೆಂದಾಗ ಮೂರು ದಿನ ನೆರೆಮನೆಯ ತೊಟ್ಟಿಲ ಮುಂದೆ ಕೂತಿದ್ದ.

ಒಮ್ಮೆ ಅಚ್ಚುಕೂಟದ ಯಜಮಾನ ಬಂದ. ಅವನು ಅಚ್ಚು ಹಾಕಲಿದ್ದ ಕತೆಯಲ್ಲಿ ಸಂಕವ್ವನೆಂಬ ಗಯ್ಯಾಳಿ ಇದ್ದಳು. "ಅವಳ ಮಾತು ಬಂದಲ್ಲೆಲ್ಲ ಅಕ್ಷರವೇ ಬೇರೆ ಇರಬೇಕು. ಓದುವವನ ಎದೆ ಝಲ್ಲೆನ್ನಬೇಕು" ಎಂದ.

ಕನ್ನಡದ ಅಕ್ಷರ ದುಂಡಗಿನದು. ಅದಕ್ಕೆ ಸಿಟ್ಟು ತರಿಸುವುದು ಸುಲಭವಲ್ಲ. ಅವನು ಊರಿನ ಗಯ್ಯಾಳಿಯರನ್ನೆಲ್ಲ ಹುಡುಕಿಕೊಂಡು ಹೋದ. ಎರಡನೆಯ ಸಲ ನೋಡುವಷ್ಟರಲ್ಲಿ ಪೊರಕೆ ಬರುತ್ತಿತ್ತು. ಕಡೆಗೆ, ಮನೆಯಲ್ಲೇ ಒಬ್ಬ ಹೆಂಗಸಿದ್ದಾಳಲ್ಲ ಎಂದು ಹೊಳೆಯಿತು.

ಅವನ ಹೆಂಡತಿ ದನಿ ಏರಿಸಿ ಮಾತಾಡಿದವಳಲ್ಲ. ಅದಕ್ಕೇನು, ಏರಿಸುವಂತೆ ಮಾಡಿದರಾಯಿತು. ಅವಳು ಮಾಡಿದ ಸಾರನ್ನು ಅಂಗಳಕ್ಕೆ ಚೆಲ್ಲಿದ. ತವರನ್ನು ಹಳಿದ. ಬಂದವರ ಮುಂದೆ ಮಕ್ಕಳಾಗದ ಸಂಗತಿ ಎತ್ತಿ ಆಡಿದ. ಅವಳ ಹುಬ್ಬು ಗಂಟಿಕ್ಕಿದರೆ ಓಡಿಹೋಗಿ ಒಂದು ತಲೆಕಟ್ಟು ಕೆತ್ತುತ್ತಿದ್ದ. ಕುತ್ತಿಗೆಯ ನರ ಉಬ್ಬಿದರೆ ಒಂದು ಕೊಂಬು. ಮೊದಲ ತಿಂಗಳು ಅವಳು ಬರೀ ಅತ್ತಳು. ಅಳು ಅವನ ಕೆಲಸಕ್ಕೆ ಬರಲಿಲ್ಲ, ಇನ್ನಷ್ಟು ಕೆಣಕಿದ. ವರ್ಷ ತುಂಬುವಷ್ಟರಲ್ಲಿ ಅವಳು ಬೇಕಾದಷ್ಟು ಬೈಯತೊಡಗಿದಳು. ಅಕ್ಷರಗಳೂ ಮುಗಿದವು.

ಪುಸ್ತಕ ಬಂತು. ಓದು ಬಾರದವರೂ ಸಂಕವ್ವನ ಸಾಲಿನ ಮೇಲೆ ಬೆರಳಿಡಲು ಅಂಜಿದರು. ಯಜಮಾನ ಅವನಿಗೆ ಶಾಲು ಹೊದಿಸಿದ. ಪ್ರತಿಗಳೆಲ್ಲ ಮಾರಿಹೋದ ಮೇಲೆ, ಇನ್ನು ಈ ಗಯ್ಯಾಳಿ ಯಾಕೆಂದು ಆ ಮೊಳೆಗಳನ್ನು ಮೂಸೆಗೆ ಹಾಕಿ ಕರಗಿಸಿದ. ಅರ್ಧ ದಿನದ ಕೆಲಸ.

ಮೊಳೆ ಮಾಡುವವನು ಮನೆಗೆ ಬಂದು ಹೆಂಡತಿಗೆ ಇದ್ದದ್ದನ್ನು ಹೇಳಿದ. "ಎಲ್ಲ ಅಕ್ಷರಕ್ಕಾಗಿ ಕಣೇ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೆಲಸ ಮುಗಿಯಿತು, ಇನ್ನು ಮೊದಲಿನಂತೆ ಇರು."

ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ಮೊದಲು ಹೇಗಿದ್ದೆ? ನನಗಂತೂ ಮರೆತುಹೋಗಿದೆ. ಕಣ್ಣಾರೆ ಕಂಡವರು ನೀವಲ್ಲವೇ, ಕೆತ್ತಿ ತೋರಿಸಿ. ನೋಡಿಕೊಂಡು ಹಾಗೇ ಇರುತ್ತೇನೆ" ಎಂದಳು.

ಇಷ್ಟೇ ತಾನೇ ಎಂದು ಅವನು ಹೊಸ ಕಡ್ಡಿ ತೆಗೆದು ಉಳಿ ಹಿಡಿದ. ನಗುವಾಗ ಅವಳ ತುಟಿ ಯಾವ ಕಡೆ ಬಾಗುತ್ತಿತ್ತು? ಕರೆದರೆ ಹೇಗೆ ತಿರುಗುತ್ತಿದ್ದಳು? ಹನ್ನೊಂದು ವರ್ಷ ಅವಳ ಕೈಯಲ್ಲಿ ಉಂಡಿದ್ದ. ನೆರೆಮನೆಯ ತೊಟ್ಟಿಲು ಕಣ್ಣ ಮುಂದೆ ಬಂತು, ಅವಳು ಬರಲಿಲ್ಲ. ಏನೂ ಕೆತ್ತದ ಬೋಳು ತುದಿಗೆ ಹೊಗೆ ಹಿಡಿಸಿ ಕಾಗದಕ್ಕೆ ಒತ್ತಿದ. ಒಂದು ಕರಿಯ ಕಲೆ ಬಿತ್ತು.

ಗುರುಗಳು ನಿಲ್ಲಿಸಿದರು.

"ಆಮೇಲೆ? ಕೆತ್ತಿದನೇ?" ಎಂದ ಶಿಷ್ಯ.

"ಅದಿರಲಿ, ಮದುವೆಯಾದ ಹೊಸದರಲ್ಲಿ ನಿನ್ನವಳು ಹೇಗಿದ್ದಳು, ಹೇಳು" ಎಂದರು ಗುರುಗಳು.

"ಹೀಗಿರಲಿಲ್ಲ" ಎಂದ ಶಿಷ್ಯ, ಆಮೇಲೆ ಎದ್ದು ಮನೆಯ ದಾರಿ ಹಿಡಿದ.