ವರ್ತಕನ ಕೆರೆಗೆ ಬಂದ ಕೊಕ್ಕರೆಗಳು

“ಗುರುಗಳೇ, ನಾವು ಮಾಡಿದ ಒಳ್ಳೆಯ ಕೆಲಸ ಫಲ ಕೊಟ್ಟಿತೇ ಎಂದು ಆಗಾಗ ಹೋಗಿ ನೋಡಿದರೆ ತಪ್ಪೇನು?” ಎಂದು ಶಿಷ್ಯ ಕೇಳಿದ.

“ಮೊದಲು ಕೂತುಕೋ ಮಾರಾಯ. ಬೆಳಗಿನಿಂದ ನೀನು ನಾಲ್ಕು ಸಲ ಎದ್ದು ಹೋಗಿ ಬಂದೆ. ನೋಡಿ ನೋಡಿ ನನಗೇ ತಲೆ ಸುತ್ತುತ್ತಿದೆ,” ಎಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನ ಮುದಿ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮೊದಲು ಒಮ್ಮೆ ಗೂಡಿನಲ್ಲಿ ಕೊಕ್ಕರೆ ಮರಿಗಳನ್ನು ನೋಡಬೇಕು, ಚಿಕ್ಕವಳಿದ್ದಾಗ ತವರೂರಿನ ಕೆರೆಯಲ್ಲಿ ನೋಡಿದ ಹಾಗೆ, ಎಂಬುದೊಂದೇ ಅವಳ ಆಸೆ. ತವರೂರು ದೂರ. ಗಾಡಿಯ ಕುಲುಕಾಟ ಅವಳ ಮೈಗೆ ಆಗದು. ಮಗ ಊರ ಪಕ್ಕದಲ್ಲೇ ಕೆರೆ ಕಟ್ಟಿಸಿದ, ಒಳಗಿದ್ದ ಜಾಲಿ ಮರಗಳನ್ನು ಕಡಿಸಲಿಲ್ಲ. ಎರಡು ಮಳೆಗಾಲಕ್ಕೆ ಕೆರೆ ತುಂಬಿತು. ಅಂಚಿನ ಜೌಗಿನಲ್ಲಿ ಜೊಂಡು ಎದ್ದಿತು. ನೀರಲ್ಲಿ ನಿಂತ ಜಾಲಿಗೆ ಕೊಕ್ಕರೆಗಳು ಕಡ್ಡಿ ತಂದವು.

ಅಲ್ಲಿಂದ ಅವನಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಹೋದ, ಮಧ್ಯಾಹ್ನ ಮತ್ತೆ ಹೋದ. ಏರಿಯ ಮೇಲಿಂದ ಕಾಣದು ಎಂದು ಹರಿಗೋಲು ಹತ್ತಿ ಮರದ ಬುಡಕ್ಕೇ ಹೋದ. ಕೊಕ್ಕರೆಗಳು ಎದ್ದು ಹಾರುವವು, ಅವನು ಹೋದ ಮೇಲೆ ಬರುವವು.

ತೂಬು ಕಾಯುವ ನೀರಗಂಟಿಗೆ ನೋಡಲಾಗಲಿಲ್ಲ. “ಯಜಮಾನರೇ, ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬಾಣಂತಿ ಕೋಣೆಗೆ ಗಂಡಸರು ಇಣುಕುತ್ತಾರೆಯೇ? ಒಂದೂವರೆ ತಿಂಗಳು ಈ ಕಡೆ ತಲೆ ಹಾಕಬೇಡಿ,” ಎಂದ.

ವರ್ತಕನಿಗೆ ನಾಚಿಕೆಯಾಯಿತು. ಒಪ್ಪಿಕೊಂಡ. ಒಂಬತ್ತು ದಿನ ಮನೆಯೊಳಗೇ ಶತಪಥ ಹಾಕಿದ. ಹತ್ತನೆಯ ದಿನ ತಾಯಿ, “ನಿನ್ನ ಮುಖವೂ ಸರಿಯಾಗಿ ಕಾಣುತ್ತಿಲ್ಲ ಮಗಾ. ಮರಿ ಆದವೇನೋ?” ಎಂದಳು. ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿ ಹರಿಗೋಲು ಹತ್ತಿದ.

ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದವು. ಹೊಂಚಿ ಕೂತಿದ್ದ ಕಾಗೆಗಳು ಗೂಡಿಗಿಳಿದವು. ಅವನು ಕೂಗಿದಷ್ಟೂ ಕೊಕ್ಕರೆಗಳು ದೂರ ಹೋದವು, ಕಾಗೆಗಳು ಕದಲಲಿಲ್ಲ. ಸಂಜೆಯ ಹೊತ್ತಿಗೆ ಗೂಡುಗಳಲ್ಲಿ ಬರೀ ಮೊಟ್ಟೆಯ ಚಿಪ್ಪು ಉಳಿದಿತ್ತು. ಆ ವರ್ಷ ಹಕ್ಕಿಗಳು ತಿರುಗಿ ಬರಲಿಲ್ಲ. ಮರುವರ್ಷ ಬಂದವು, ಮರಿಯೂ ಆದವು. ಅಷ್ಟರಲ್ಲಿ ತಾಯಿಗೆ ಕಣ್ಣು ಪೂರ್ತಿ ಹೋಗಿತ್ತು.

ಶಿಷ್ಯನಿಗೆ ಸಂಕಟವಾಯಿತು. “ಅವನು ಹೋದದ್ದು ತಾಯಿಯ ಮೇಲಿನ ಪ್ರೀತಿಯಿಂದ ಅಲ್ಲವೇ, ಗುರುಗಳೇ?”

“ಹೌದಪ್ಪ, ಆದರೆ ಅದು ಮೊಟ್ಟೆಗೆ ಹೇಗೆ ಗೊತ್ತಾಗಬೇಕು?”