ಒಂದು ಪೆಡಲು ಎತ್ತರದ ಸೈಕಲ್ಲು

"ಗುರುಗಳೇ, ನಿಯಮ ಅಂದಮೇಲೆ ಅದು ಎಲ್ಲರಿಗೂ ಒಂದೇ ಅಲ್ಲವೇ?" ಎಂದು ಹಾಲಯ್ಯ ಕೇಳಿದ.

ಮಠದಲ್ಲಿ ಬೆಳಗಿನ ಪ್ರಾರ್ಥನೆಗೆ ಎಲ್ಲರೂ ನೆಲದ ಮೇಲೆ ಬೆನ್ನು ನೇರ ಮಾಡಿ ಕೂರಬೇಕು ಎಂಬುದು ಕಟ್ಟಳೆ. ಅದನ್ನು ನೋಡಿಕೊಳ್ಳುವ ಹೊಣೆ ಹಾಲಯ್ಯನದು. ಈಚೆಗೆ ಮಠಕ್ಕೆ ಒಬ್ಬ ಮುದುಕ ಬಂದು ಸೇರಿದ್ದ. ಹರೆಯವೆಲ್ಲ ಲಾರಿ ಓಡಿಸಿ ಬೆನ್ನು ಕೆಡಿಸಿಕೊಂಡವನು. ಗೋಡೆಗೊರಗಿ ಸ್ಟೂಲಿನ ಮೇಲೆ ಕೂರಲು ಗುರುಗಳು ಅವನಿಗೆ ಅಪ್ಪಣೆ ಕೊಟ್ಟಿದ್ದರು. ಅದು ಹಾಲಯ್ಯನ ಕಣ್ಣಲ್ಲಿ ಕಸವಾಗಿತ್ತು. ಆ ದಿನ ಅವನು ಮುದುಕನಿಗೆ, "ನಾಳೆಯಿಂದ ನೆಲದ ಮೇಲೆ ಕೂರು, ಇಲ್ಲವೇ ಹೊರಗೆ ಕೂರು" ಎಂದು ಹೇಳಿಬಿಟ್ಟಿದ್ದ. ಮುದುಕ ಬಟ್ಟೆಬರೆ ಗಂಟು ಕಟ್ಟಿಕೊಂಡು, ಗುರುಗಳಿಗೆ ಒಂದು ಮಾತು ಹೇಳಿ ಹೊರಡೋಣವೆಂದು ಜಗಲಿಯ ಮೇಲೆ ಕಾದು ಕೂತಿದ್ದ.

ಗುರುಗಳು ಜಗಲಿಯ ಕಡೆ ನೋಡಿದರು. ಹಾಲಯ್ಯನನ್ನೂ ನೋಡಿದರು.

"ಕೂತುಕೋ. ಒಂದು ಕತೆ ಕೇಳು. ಆಮೇಲೆ ಅವನನ್ನು ಕಳಿಸುವೆಯಂತೆ" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬಳು ದರ್ಜಿ ಇದ್ದಳು. ಅವಳ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ. ಹುಟ್ಟಿನಿಂದಲೇ ಬಂದದ್ದು. ನಡೆದರೆ ಮೈ ಎಡಕ್ಕೆ ವಾಲುತ್ತಿತ್ತು. ಅವಳ ಹೊಲಿಗೆ ಮಾತ್ರ ಎಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅವಳು ಹೊಲಿದ ರವಿಕೆ ತೊಟ್ಟವರು ಮತ್ತೊಬ್ಬರ ಕೈಗೆ ಬಟ್ಟೆ ಕೊಟ್ಟದ್ದಿಲ್ಲ. ಆದರೆ ಆ ಊರಲ್ಲಿ ಮನೆಗಳಾದರೂ ಎಷ್ಟಿದ್ದವು? ಹಬ್ಬ ಬಂದಾಗ ಕೈತುಂಬ ಕೆಲಸ, ಉಳಿದ ದಿನಗಳಲ್ಲಿ ಅಣ್ಣನ ಮನೆಯ ಅನ್ನ. ಅತ್ತಿಗೆ ಕೆಟ್ಟವಳಲ್ಲ. ಆದರೂ ಬಡಿಸುವ ಕೈ ಕ್ಷಣಹೊತ್ತು ತಡೆದರೆ ತಿನ್ನುವವರಿಗೆ ತಿಳಿಯುತ್ತದೆ. ಅವಳಿಗೆ ದಿನಾ ತಿಳಿಯುತ್ತಿತ್ತು.

ಆ ಊರಿನಿಂದ ಎರಡು ಹರದಾರಿ ಆಚೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಶೆಡ್ಡೊಂದು ಶುರುವಾಯಿತು. ದರ್ಜಿ ಹೋಗಿ ಕೈಕೆಲಸ ತೋರಿಸಿ ಬಂದಳು. ಮೇಸ್ತ್ರಿಗೆ ಒಪ್ಪಿಗೆಯಾಯಿತು. ಆದರೆ ಅವನು ಒಂದು ಮಾತು ಹೇಳಿದ. "ಬರೋ ಸೋಮವಾರದಿಂದ ಕೆಲಸ. ಬೆಳಿಗ್ಗೆ ಸೈರನ್ ಕೂಗೋ ಹೊತ್ತಿಗೆ ಮಿಷನ್ ಮುಂದೆ ಯಾರು ಕೂತಿರ್ತಾರೋ ಮಿಷನ್ ಅವರದ್ದು. ತಡವಾಗಿ ಬಂದೋರಿಗೆ ಮಿಷನ್ನೂ ಇಲ್ಲ, ಮಾತೂ ಇಲ್ಲ."

ಊರಿಗೆ ಬರುವ ಬಸ್ಸು ಸೈರನ್ ಕೂಗಿದ ಮೇಲೆ ಬರುತ್ತಿತ್ತು. ಅವತ್ತು ಶೆಡ್ಡಿಗೆ ನಡೆದು ಹೋಗಿ ಬಂದದ್ದಕ್ಕೇ ಅವಳ ಸೊಂಟ ಊದಿಕೊಂಡಿತ್ತು. ಸೈಕಲ್ ತಗೊಳ್ಳುತ್ತೇನೆ ಎಂದಳು. ಅಣ್ಣ ಉಣ್ಣುತ್ತಿದ್ದವನು ತುತ್ತು ಕೆಳಗಿಟ್ಟ.

"ನಿನಗ್ಯಾಕೆ ಬೇಕು ಇದೆಲ್ಲ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ" ಅಂದ.

"ನಾನು ದರ್ಜಿ ಕಣಣ್ಣ. ಕಾಲಿದ್ದಷ್ಟು ಹಾಸಿಗೆ ಹೊಲಿಯೋಳು" ಅಂದಳು.

ಅಣ್ಣ ಮತ್ತೆ ಉಣ್ಣತೊಡಗಿದ. ಅವಳು ಹಟ ಹಿಡಿದರೆ ಬಿಡುವವಳಲ್ಲ ಎಂಬುದು ಅವನಿಗೆ ಹೊಸ ಸಂಗತಿಯೇನೂ ಅಲ್ಲ.

ದೊಡ್ಡ ಸೈಕಲ್ಲು ಅವಳಿಗೆ ಆಗುತ್ತಿರಲಿಲ್ಲ. ನಿಲ್ಲಿಸಿದರೆ ಕಾಲು ನೆಲಕ್ಕೆ ಎಟುಕಬೇಕಲ್ಲ. ಒಬ್ಬ ವ್ಯಾಪಾರಿಯ ಮನೆಯಲ್ಲಿ ಮಕ್ಕಳು ಬಿಟ್ಟ ಚಿಕ್ಕ ಗಾಲಿಯ ಸೈಕಲ್ಲೊಂದು ಮೂಲೆ ಸೇರಿತ್ತು. ಅಗ್ಗಕ್ಕೆ ಸಿಕ್ಕಿತು, ತಂದಳು. ಅವಳು ಅದನ್ನು ಹತ್ತಿದಾಗ ಓಣಿಯೇ ನಕ್ಕಿತು. ನಗದೆ ಏನು ಮಾಡುತ್ತದೆ? ಮಂಡಿಗಳು ಗಲ್ಲಕ್ಕೆ ತಾಗುತ್ತಿದ್ದವು. ಹ್ಯಾಂಡಲ್ ಹಿಡಿಯಲು ಕೆಳಕ್ಕೆ ಬಾಗಬೇಕಿತ್ತು. ದಾರಿಯ ಒಂದೊಂದು ಕಲ್ಲೂ ನೇರ ಬೆನ್ನುಮೂಳೆಗೆ ಬಂದು ಹೊಡೆಯುತ್ತಿತ್ತು. ಅವಳೂ ಒಂದಿಷ್ಟು ನಕ್ಕಳು. ನಕ್ಕು, ಸೈಕಲ್ಲನ್ನು ತಳ್ಳಿಕೊಂಡು ಸೈಕಲ್ ಶಾಪಿಗೆ ಹೋದಳು.

ಶಾಪಿನವನು ಕೆಲಸಗಾರ, ಒಳ್ಳೆಯವನು. ಸೀಟಿನ ಕೆಳಗೆ ಉದ್ದನೆಯ ಕಂಬಿ ಹಾಕಿ ಎತ್ತರಿಸಿದ. ಮಂಡಿ ಚಾಚಲು ಜಾಗವಾಯಿತು. ಹ್ಯಾಂಡಲ್ ಮೇಲೆತ್ತಿ ಅವಳ ಕಡೆಗೆ ತಿರುಗಿಸಿದ. ಬೆನ್ನು ಬಾಗುವುದು ತಪ್ಪಿತು. ಗಟ್ಟಿ ಸೀಟು ತೆಗೆದು ಸ್ಪ್ರಿಂಗಿನ ಅಗಲ ಸೀಟು ಕೂರಿಸಿದ. ದಪ್ಪ ಟೈರು ಹಾಕಿದ, ಕಲ್ಲುಗಳ ಪೆಟ್ಟು ಅರ್ಧ ಅಲ್ಲೇ ಸತ್ತಿತು. ಚಿಕ್ಕ ಗಾಲಿಗೆ ತುಳಿತ ಹೆಚ್ಚು ಎಂದು ಮುಂದಿನ ಹಲ್ಲುಚಕ್ರವನ್ನೂ ದೊಡ್ಡದು ಮಾಡಿಕೊಟ್ಟ. ಹಿಡಿಕೆಗೆ ಮೆತ್ತನೆಯ ಬಟ್ಟೆ ಸುತ್ತಿದ್ದು ಮಾತ್ರ ಅವಳೇ.

ಈಗ ಸೈಕಲ್ಲು ನೋಡುವ ಹಾಗಾಯಿತು. ಓಣಿ ನಗುವುದು ಬಿಟ್ಟಿತು. ಆದರೆ ಊರ ಹೊರಗಿನ ಸೇತುವೆ ತಲುಪುವಷ್ಟರಲ್ಲಿ ಅವಳ ಎಡಸೊಂಟ ಉರಿಯುತ್ತಿತ್ತು. ಎಡ ಪೆಡಲು ಕೆಳಗೆ ಹೋದಾಗಲೆಲ್ಲ ಕಾಲು ಅದನ್ನು ಹುಡುಕಿಕೊಂಡು ಹೋಗಬೇಕು. ಕಾಲಿನ ಹಿಂದೆ ಸೊಂಟ, ಸೊಂಟದ ಹಿಂದೆ ಇಡೀ ಮೈ. ಎರಡು ಸಲ ಬಿದ್ದಳು. ಎರಡನೆಯ ಸಲ ಮೊಣಕೈ ತರಚಿ ರಕ್ತ ಬಂತು. ಅಳುವೂ ಬಂತು. ಸೇತುವೆಯ ಕಟ್ಟೆಯ ಮೇಲೆ ಕೂತು ಅತ್ತು, ಮುಖ ಒರೆಸಿಕೊಂಡು ಮತ್ತೆ ಶಾಪಿಗೆ ಬಂದಳು.

ಶಾಪಿನವನು ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ದಾರ ಎಳೆದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪೆಡಲುಗಳನ್ನು ತಿರುಗಿಸಿ ನೋಡಿದ.

"ನೋಡಮ್ಮಾ, ಸೈಕಲ್ಲಲ್ಲಿ ಏನೂ ದೋಷ ಇಲ್ಲ. ಎರಡೂ ಪೆಡಲು ಸಮ ಅವೆ. ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತು ನಿನ್ ಕತೆ" ಅಂದ.

ಆ ಮಾತು ಚುಚ್ಚಿತು. ಮನೆಗೆ ಬರುವವರೆಗೂ ಚುಚ್ಚುತ್ತಲೇ ಇತ್ತು. ಅದೇ ಸಂಜೆ ಅವಳು ಯಾರದೋ ರವಿಕೆ ಹೊಲಿಯಲು ಕೂತಳು. ಮೊದಲು ದೂರದೂರ ಸೂಜಿ ಹಾಕಿ ಕಚ್ಚಾ ಹೊಲಿಗೆ ಹಾಕಬೇಕು. ತೊಡಿಸಿ ನೋಡಬೇಕು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಮೈಯೇ ಹೇಳುತ್ತದೆ. ಆಮೇಲೆ ಗಟ್ಟಿ ಹೊಲಿಗೆ. ಇಷ್ಟು ವರ್ಷ ಮಾಡಿದ್ದು ಇದನ್ನೇ. ಸೂಜಿ ಅಲ್ಲೇ ನಿಂತಿತು. ಶಾಪಿನವನು ಸೈಕಲ್ಲಿನ ಅಳತೆ ತೆಗೆದಿದ್ದ. ಅವಳ ಅಳತೆಯನ್ನು ಯಾರೂ ತೆಗೆದಿರಲಿಲ್ಲ.

ಸೌದೆಯ ರಾಶಿಯಿಂದ ಒಂದು ಮರದ ತುಂಡು ಆರಿಸಿದಳು. ಅದನ್ನು ಎಡ ಪೆಡಲಿನ ಮೇಲಿಟ್ಟು ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ಅದೇ ಅವಳ ಕಚ್ಚಾ ಹೊಲಿಗೆ. ಓಣಿಯ ತುದಿಯವರೆಗೆ ತುಳಿದು ನೋಡಿದಳು. ಎತ್ತರ ಹೆಚ್ಚಾಯಿತು, ಮಚ್ಚಿನಿಂದ ಕೆತ್ತಿದಳು. ಮತ್ತೆ ತುಳಿದಳು. ಕಾಲು ತೆಗೆದರೆ ಭಾರಕ್ಕೆ ಪೆಡಲು ತಿರುಗಿ ತುಂಡು ಕೆಳಗಾಗುತ್ತಿತ್ತು. ಹೆಬ್ಬೆರಳು ತೂರಿಸಲು ಬಟ್ಟೆಯದೇ ಒಂದು ಕುಣಿಕೆ ಮಾಡಿದಳು. ಎಡಸೊಂಟಕ್ಕೆ ಒಗ್ಗುವಂತೆ ಸೀಟಿನ ಮೂತಿಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದಳು. ಹೀಗೆ ಕಟ್ಟುವುದು, ಬಿಚ್ಚುವುದು, ಕೆತ್ತುವುದು ಎಂದು ವಾರವೆಲ್ಲ ಕಳೆಯಿತು. ಅತ್ತಿಗೆ ಬಾಗಿಲಲ್ಲಿ ನಿಂತು, "ಸೈಕಲ್ಲಿಗೂ ರವಿಕೆ ಹೊಲಿದ್ಯೇನೇ?" ಎಂದು ಕೇಳಿದಳು. ಭಾನುವಾರ ಅವಳು ಸೇತುವೆ ದಾಟಿ ಹೋಗಿ ಬಂದಳು. ಸೊಂಟ ಸುಮ್ಮನಿತ್ತು. ಆ ಸುಮ್ಮನಿರುವಿಕೆಗೆ ಅವಳಿಗೆ ಕುಣಿಯಬೇಕು ಅನ್ನಿಸಿತು.

ಬಟ್ಟೆಯ ಕಟ್ಟು ದಿನವೂ ತಾಳುವುದಿಲ್ಲ. ಅಂದೇ ಸಂಜೆ ಸೈಕಲ್ಲನ್ನು ಶಾಪಿಗೆ ಒಯ್ದು, "ಯಜಮಾನ್ರೇ, ಈ ತುಂಡಿಗೆ ಬೋಲ್ಟು ಹಾಕಿ ಬಿಗಿ ಮಾಡ್ಕೊಡಿ. ನಾಳೆ ಬೆಳಿಗ್ಗೆ ಇದ್ರಲ್ಲೇ ಕೆಲಸಕ್ಕೆ ಹೋಗ್ಬೇಕು" ಅಂದಳು. ಶಾಪಿನವನು ತಲೆಯಾಡಿಸಿ, ಬಿಟ್ಟು ಹೋಗು ಅಂದ.

ಬೆಳಿಗ್ಗೆ ಅವಳು ಬಂದಾಗ ಶಾಪಿನ ಮುಂದೆ ಸೈಕಲ್ಲು ನಿಂತಿತ್ತು. ತೊಳೆದು, ಎಣ್ಣೆ ಹಾಕಿ, ಹೊಸದರಂತೆ ಹೊಳೆಯುತ್ತಿತ್ತು. ಸೀಟು ನೇರ. ಎರಡು ಪೆಡಲೂ ಸಮ.

"ತುಂಡು ಎಲ್ಲಿ?" ಎಂದು ಕೇಳಿದಳು.

"ಪಕ್ಕದ ಟೀ ಅಂಗಡಿ ಒಲೆಗೆ ಹೋಯ್ತು" ಎಂದು ಶಾಪಿನವನು ನಕ್ಕ. "ಸೊಟ್ಟ ಸೈಕಲ್ಲು ನನ್ ಶಾಪಿಂದ ಹೊರಗೆ ಹೋದ್ರೆ ನನ್ ಹೆಸರೇನಾಗ್ಬೇಕು? ಎಲ್ಲಾ ನೇರ ಮಾಡಿಟ್ಟಿದೀನಿ. ದುಡ್ಡೂ ಬೇಡ, ಹೋಗಮ್ಮಾ."

ಅವನ ಮುಖದಲ್ಲಿ ಕೇಡು ಇರಲಿಲ್ಲ. ಉಪಕಾರ ಮಾಡಿದ ಸಂತೋಷವಿತ್ತು. ಅದಕ್ಕೇ ಅವಳಿಗೆ ಬೈಯಲು ಬಾಯಿ ಬರಲಿಲ್ಲ. ನಡೆದರೆ ಸೈರನ್ ತಪ್ಪುತ್ತದೆ. ಹೀಗೇ ತುಳಿದರೆ ಸೇತುವೆಯ ಹತ್ತಿರ ಬೀಳುತ್ತಾಳೆ. ಮನೆಗೆ ಹೋಗಿ ಇನ್ನೊಂದು ತುಂಡು ಕೆತ್ತಲು ಹೊತ್ತಿಲ್ಲ. ತಿರುಗಿ ಹೋದರೆ ಅಣ್ಣನ ಮನೆಯ ತಟ್ಟೆ ಇದ್ದೇ ಇದೆ.

ಅವಳು ತಿರುಗಿ ಹೋಗಲಿಲ್ಲ. ಶಾಪಿನವನ ಕೈಯಲ್ಲಿದ್ದ ಪಾನಾ ಕಿತ್ತುಕೊಂಡು ಸೀಟಿನ ಬೋಲ್ಟು ಸಡಿಲಿಸಿ ಮೂತಿಯನ್ನು ಎಡಕ್ಕೆ ತಿರುಗಿಸಿದಳು. ಮತ್ತೆ ಬಿಗಿ ಮಾಡಿದಳು. ಆಮೇಲೆ ನೆಲದ ಮೇಲೆ ಕೂತು ಕಾಲಿನ ಹವಾಯಿ ಚಪ್ಪಲಿ ಎರಡನ್ನೂ ಕಳಚಿದಳು. ಒಂದರ ಮೇಲೊಂದು ಎಡ ಪೆಡಲಿನ ಮೇಲಿಟ್ಟಳು. ಚೀಲದಲ್ಲಿ ಬಟ್ಟೆಯ ಪಟ್ಟಿಗಳಿದ್ದವು. ದರ್ಜಿಯ ಚೀಲದಲ್ಲಿ ಇನ್ನೇನಿರುತ್ತದೆ? ಸುತ್ತಿ ಸುತ್ತಿ ಹಲ್ಲು ಕಚ್ಚಿ ಗಂಟು ಹಾಕಿದಳು. ಮೇಲಿನ ಚಪ್ಪಲಿಯ ಬಾರಿನೊಳಗೆ ಬೆರಳು ತೂರಿಸಿದಳು. ಕುಣಿಕೆಯ ಕೆಲಸವನ್ನು ಬಾರೇ ಮಾಡಿತು.

"ಅಯ್ಯೋ, ಚೆನ್ನಾಗಿರೋ ಸೈಕಲ್ಲನ್ನ ಕೆಡಿಸ್ದಲ್ಲಮ್ಮಾ!" ಎಂದು ಶಾಪಿನವನು ಹಣೆ ಚಚ್ಚಿಕೊಂಡ.

"ಚೆನ್ನಾಗಿರೋ ಸೈಕಲ್ಲು ಶಾಪಲ್ಲಿರ್ತದೆ, ಯಜಮಾನ್ರೇ. ನಾನು ಕೆಲಸಕ್ಕೆ ಹೋಗ್ಬೇಕು" ಎಂದು ಅವಳು ಪೆಡಲು ಒತ್ತಿದಳು.

ಬಲಗಾಲು ಬರಿಗಾಲು, ಕಬ್ಬಿಣದ ಪೆಡಲು ಚುಚ್ಚುತ್ತಿತ್ತು. ಚುಚ್ಚಲಿ ಅಂದುಕೊಂಡಳು. ಸೇತುವೆ ಬಂತು. ಎಡಸೊಂಟ ಮಾತಾಡಲಿಲ್ಲ. ಏರು ಬಂತು. ಹಲ್ಲುಚಕ್ರ ದೊಡ್ಡದಾದ್ದರಿಂದ ಏರಿನಲ್ಲಿ ತೊಡೆಗಳು ಬಿಗಿದವು, ಉಸಿರು ಗಂಟಲಿಗೆ ಬಂತು. ಒಂದು ಗಂಟು ಸಡಿಲವಾಗಿ ಪಟ್ಟಿಯ ತುದಿ ಗಾಳಿಗೆ ಹಾರತೊಡಗಿತು. ಕಟ್ಟಲು ನಿಲ್ಲಲಿಲ್ಲ. ನಿಂತರೆ ಸೈರನ್ ನಿಲ್ಲುವುದಿಲ್ಲ. ಬೆರಳಿನಿಂದ ಬಾರನ್ನು ಒತ್ತಿ ಹಿಡಿದು ತುಳಿದಳು.

ಇತ್ತ ಶಾಪಿನವನು ಬೀದಿಗೆ ಬಂದು, ಅವಳು ಕಣ್ಮರೆಯಾಗುವವರೆಗೂ ನೋಡುತ್ತಲೇ ನಿಂತಿದ್ದ. ಹಿಂದಿನಿಂದ ನೋಡಿದರೆ ಸೈಕಲ್ಲು ಸೊಟ್ಟ. ಸೀಟು ಒಂದು ಕಡೆ, ಪೆಡಲು ಒಂದು ಕಡೆ. ಆದರೆ ಚಿಕ್ಕವಳಿದ್ದಾಗಿನಿಂದ ಆ ಬೀದಿಯಲ್ಲಿ ಎಡಕ್ಕೆ ವಾಲಿಕೊಂಡೇ ಓಡಾಡಿದ ಆ ಹೆಣ್ಣುಮಗಳ ಬೆನ್ನು, ಅವನು ಕಂಡಂತೆ ಮೊದಲ ಸಲ, ದಾರ ಹಿಡಿದ ಹಾಗೆ ನೇರವಾಗಿತ್ತು.

ಸೈರನ್ ಕೂಗಿದಾಗ ದರ್ಜಿ ಮಿಷನ್ನಿನ ಮುಂದೆ ಕೂತಿದ್ದಳು.

ಕತೆ ಮುಗಿಸಿ ಗುರುಗಳು ನೀರು ಕುಡಿದರು. ಹಾಲಯ್ಯನಿಗೆ ಸಮಾಧಾನವಾಗಲಿಲ್ಲ. ಕತೆ ತನ್ನ ಕಡೆಗೇ ಬರುತ್ತಿದೆ ಎಂಬುದು ಅವನಿಗೆ ತಿಳಿದಿತ್ತು. ಆದರೂ ತನ್ನ ಹಟವನ್ನು ಅವನು ಸುಲಭವಾಗಿ ಬಿಡುವವನಲ್ಲ.

"ಶಾಪಿನವನು ಅಳತೆ ತಪ್ಪಿದ, ಒಪ್ಪಿದೆ ಗುರುಗಳೇ. ಆದರೆ ನಾನು ಯಾರಿಗೂ ಸುಮ್ಮನೆ ಹೇಳಿದವನಲ್ಲ. ಮಾಡಿ ತೋರಿಸಿ ಹೇಳಿದ್ದೇನೆ. ಈ ಮಠಕ್ಕೆ ಬಂದ ದಿನದಿಂದ ಒಂದೇ ಒಂದು ಬೆಳಿಗ್ಗೆಯೂ ಗೋಡೆಗೆ ಒರಗಿಲ್ಲ. ನೆಲದ ಮೇಲೆ ನೇರವಾಗಿಯೇ ಕೂತಿದ್ದೇನೆ. ಅಷ್ಟು ಸಾಧನೆ ನನ್ನಿಂದಾಗುತ್ತದೆ ಅಂದರೆ ಅವನಿಂದ ಯಾಕಾಗಬಾರದು?"

ಗುರುಗಳು ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದರು:

"ಎರಡು ಕಾಲೂ ಸಮವಿದ್ದವನು ನೇರವಾಗಿ ಕೂತದ್ದನ್ನು ಸಾಧನೆ ಅನ್ನುತ್ತಾರೇನಪ್ಪಾ?"

ಹಾಲಯ್ಯ ಎದ್ದು ಜಗಲಿಗೆ ಹೋಗಿ ಮುದುಕನ ಗಂಟನ್ನು ಒಳಗೆ ತಂದಿಟ್ಟ.